ತಲೆ ಎಣಿಸಿ, ಆಮೇಲೆ ‘ರಿಪ್ಲೈ ಆಲ್’ ಒತ್ತಿ

2025ರ ಫೆಬ್ರವರಿಯ ಒಂದು ಸಂಜೆ ಸಾರಿಗೆ ಒಗ್ಗರಣೆ ಇಟ್ಟು, ಎಡಗೈಯಲ್ಲಿ ಮೊಬೈಲ್ ಹಿಡಿದು ನಿಂತಿದ್ದೆ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ಒಂದು ಸಣ್ಣ ಶಾಲಾ ಜಿಲ್ಲೆಯ (ಅಂದರೆ ಆ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಯ) ಮಂಡಳಿಗೆ ನಾನು ಆರಿಸಿ ಬಂದು, ಪ್ರಮಾಣವಚನ ಸ್ವೀಕರಿಸಿ ಏಳು ವಾರವಾಗಿತ್ತು. ಮಂಡಳಿಯಲ್ಲಿ ಐದು ಜನ. ಮುಂದಿನ ಶಾಲಾ ವರ್ಷದ ಕ್ಯಾಲೆಂಡರಿನಲ್ಲಿ ದೀಪಾವಳಿಯ ದಿನ, ಅಂದರೆ ಅಕ್ಟೋಬರ್ 20ರ ಸೋಮವಾರ, ರಜೆ ಇರಬೇಕೆಂದು ನಮ್ಮವರು ಬಹಳ ದಿನದಿಂದ ಕೇಳುತ್ತಿದ್ದರು. ಒಬ್ಬ ಸದಸ್ಯರು ಇನ್ನೊಬ್ಬರಿಗೆ ‘ರಜೆ ಕೊಡುವುದು ಸರಿಯೆಂದು ನನಗನಿಸುತ್ತದೆ’ ಎಂದು ಇಮೇಲ್ ಬರೆದಿದ್ದರು. ಅವರು ಅದನ್ನೇ ‘ನೀವೇನು ಹೇಳುತ್ತೀರಿ?’ ಎಂಬ ಒಂದು ಸಾಲು ಸೇರಿಸಿ ನನಗೆ ಕಳುಹಿಸಿದ್ದರು, ಮೊದಲನೆಯವರಿಗೂ ಪ್ರತಿ ಇಟ್ಟಿದ್ದರು. ಸಾಸಿವೆ ಸಿಡಿಯುವಷ್ಟರಲ್ಲಿ ನಾನು ‘ರಿಪ್ಲೈ ಆಲ್’ ಒತ್ತಿ ಬರೆದೆ: ‘ನನ್ನ ಪೂರ್ತಿ ಒಪ್ಪಿಗೆ ಇದೆ. ಮುಂದಿನ ಸಭೆಯಲ್ಲಿ ಮುಗಿಸಿಬಿಡೋಣ.’

ಎಲ್ಲರಿಗೂ ತಿಳಿದಿರಲಿ ಎಂದು ಜಿಲ್ಲೆಯ ಶಾಲೆಗಳ ಆಡಳಿತ ನೋಡುವ ಸೂಪರಿಂಟೆಂಡೆಂಟ್ ಕಚೇರಿಗೂ ಒಂದು ಪ್ರತಿ ಹಾಕಿದೆ. ಮುಚ್ಚುಮರೆ ಏನೂ ಇರಲಿಲ್ಲ ನೋಡಿ, ಅದೇ ಧೈರ್ಯ.

ಅರ್ಧ ಗಂಟೆಯಲ್ಲಿ ಆ ಕಚೇರಿಯ ಸಹಾಯಕಿಯ ಫೋನ್ ಬಂತು. ಇಪ್ಪತ್ತು ವರ್ಷ ಅದೇ ಕುರ್ಚಿಯಲ್ಲಿ ಕುಳಿತವರು. ‘ಯಾರಿಗೂ ಇನ್ನು ಉತ್ತರ ಬರೆಯಬೇಡಿ. ಏನನ್ನೂ ಅಳಿಸಬೇಡಿ. ಐವರಲ್ಲಿ ನೀವು ಮೂರನೆಯವರು’ ಎಂದರು. ಏನಾಯಿತೆಂದು ಅರ್ಥವಾಗುವ ಹೊತ್ತಿಗೆ ಒಗ್ಗರಣೆ ಸೀದು ಹೋಗಿತ್ತು.

ಈಚೆಗೆ ಇಲ್ಲಿ ನಮ್ಮ ಕನ್ನಡದವರು ಶಾಲಾ ಮಂಡಳಿ, ನಗರಸಭೆ, ಗ್ರಂಥಾಲಯ ಆಯೋಗ, ಯೋಜನಾ ಆಯೋಗ ಎಂದು ಅಲ್ಲಲ್ಲಿ ನಿಲ್ಲುತ್ತಿದ್ದಾರೆ, ನೇಮಕವಾಗುತ್ತಿದ್ದಾರೆ. ಅವರಿಗೂ, ಅವರಿಗೆ ಅರ್ಜಿ ಬರೆಯುವ ನಮ್ಮಂಥವರಿಗೂ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ನಾನು ವಕೀಲಳಲ್ಲ. ನಿಮ್ಮ ಮಂಡಳಿಗೆ ಒಬ್ಬ ವಕೀಲರು ಇದ್ದೇ ಇರುತ್ತಾರೆ. ಸಂಶಯ ಬಂದಾಗ ಅವರನ್ನು ಕೇಳಿ.

ಗುಟ್ಟಲ್ಲ, ಲೆಕ್ಕ

ನಾನು ಅರಿಯದೆ ಮುರಿದದ್ದು, ಕ್ಯಾಲಿಫೋರ್ನಿಯಾದ ಸ್ಥಳೀಯ ಸಂಸ್ಥೆಗಳ ಸಭೆಗಳು ಬಹಿರಂಗವಾಗಿ ನಡೆಯಬೇಕೆನ್ನುವ ಕಾಯ್ದೆಯನ್ನು. ಅದರ ಹೆಸರು ರಾಲ್ಫ್ ಎಂ. ಬ್ರೌನ್ ಕಾಯ್ದೆ. ಎಲ್ಲರೂ ಬ್ರೌನ್ ಕಾಯ್ದೆ ಎಂದೇ ಕರೆಯುತ್ತಾರೆ. 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕ್ರಾನಿಕಲ್ ಪತ್ರಿಕೆಯ ವರದಿಗಾರ ಮೈಕ್ ಹ್ಯಾರಿಸ್, ಊರೂರಿನ ಸ್ಥಳೀಯ ಸಂಸ್ಥೆಗಳು ಬಾಗಿಲು ಹಾಕಿಕೊಂಡು ತೀರ್ಮಾನ ಮಾಡುವ ಬಗೆಯನ್ನು ಹತ್ತು ಕಂತುಗಳಲ್ಲಿ ಬರೆದರು. ಮರುವರ್ಷವೇ ಮೊಡೆಸ್ಟೋದ ಶಾಸಕ ಬ್ರೌನ್ ತಂದ ಮಸೂದೆ ಕಾಯ್ದೆಯಾಯಿತು. ಜನರು ತಮಗಾಗಿ ಕೆಲಸ ಮಾಡುವ ಸಂಸ್ಥೆಗಳಿಗೆ ತಮ್ಮ ಪರಮಾಧಿಕಾರವನ್ನು ಒಪ್ಪಿಸಿಲ್ಲ ಎಂಬ ಅರ್ಥದ ಮಾತು ಅದರ ಪೀಠಿಕೆಯಲ್ಲೇ ಇದೆ.

1953ರಲ್ಲಿ ಇಮೇಲ್ ಇರಲಿಲ್ಲ. ಆದರೆ ಇಂದಿನ ಕಾಯ್ದೆಯ 54952.2ನೆಯ ಕಲಮು ‘ಯಾವುದೇ ಬಗೆಯ ಸಂಪರ್ಕ’ ಎನ್ನುತ್ತದೆ. ಮಂಡಳಿಯ ಬಹುಮತದಷ್ಟು ಸದಸ್ಯರು, ಕ್ರಮಬದ್ಧವಾಗಿ ಕರೆದ ಸಭೆಯ ಹೊರಗೆ, ನೇರವಾಗಿಯಾಗಲಿ ಮಧ್ಯವರ್ತಿಗಳ ಮೂಲಕವಾಗಲಿ, ಒಬ್ಬರಾದ ಮೇಲೆ ಒಬ್ಬರಂತೆ ಮಾತನಾಡಿ, ಮಂಡಳಿಯ ವ್ಯಾಪ್ತಿಗೆ ಬರುವ ವಿಷಯವನ್ನು ಚರ್ಚಿಸಬಾರದು, ತೂಗಿ ನೋಡಬಾರದು, ನಿರ್ಧರಿಸಬಾರದು. ಇಷ್ಟೇ ಅದರ ತಿರುಳು. ಅಂಥ ಇಮೇಲ್ ಸರಣಿಯೇ ಒಂದು ಸಭೆ. ಸೂಚನೆ ಹಚ್ಚದೆ, ಜನರನ್ನು ಕರೆಯದೆ ನಡೆಸಿದ ಸಭೆ.

ಇಲ್ಲಿ ಹೊಸಬರು ಎಡವುವುದು ಒಂದೇ ಕಡೆ. ನಾನು ಎಡವಿದ್ದೂ ಅಲ್ಲೇ. ಕದ್ದುಮುಚ್ಚಿ ಮಾಡಿದರೆ ಮಾತ್ರ ತಪ್ಪು ಎಂದುಕೊಳ್ಳುತ್ತೇವೆ. 2001ರಲ್ಲಿ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಅವರ ಮುಂದೆ ಇದೇ ಪ್ರಶ್ನೆ ಬಂದಿತ್ತು. ಬಹುಮತದ ಸದಸ್ಯರು ಪರಸ್ಪರ ಇಮೇಲ್ ಬರೆದುಕೊಳ್ಳುತ್ತಾರೆ, ಆದರೆ ಪ್ರತಿಯೊಂದರ ಪ್ರತಿಯನ್ನೂ ಕಾರ್ಯದರ್ಶಿಗೆ ಮತ್ತು ಅಧ್ಯಕ್ಷರಿಗೆ ಕಳುಹಿಸುತ್ತಾರೆ, ಸಂಸ್ಥೆಯ ಜಾಲತಾಣದಲ್ಲಿ ಹಾಕುತ್ತಾರೆ, ಮುಂದಿನ ಸಭೆಯಲ್ಲಿ ಮುದ್ರಿತ ಪ್ರತಿಯನ್ನೂ ಮಂಡಿಸುತ್ತಾರೆ. ಆಗಲಾದರೂ ಸರಿಯೇ? ಸರಿಯಲ್ಲ ಎಂಬುದೇ ಅಭಿಪ್ರಾಯ. ಜನರು ಸಭೆಗೆ ಬಂದು ಬಾಯಿ ತೆರೆಯುವ ಮೊದಲೇ ಚರ್ಚೆ ಮುಗಿದುಹೋಗಿರುತ್ತದೆ. ಮುಗಿದ ಚರ್ಚೆಯನ್ನು ಗೋಡೆಗೆ ಅಂಟಿಸಿದರೆ ಅದು ಬಹಿರಂಗ ಸಭೆಯಾಗುವುದಿಲ್ಲ.

ಆದ್ದರಿಂದ ಮೊದಲ ಕೆಲಸ, ನಿಮ್ಮ ಮಂಡಳಿಯ ಸಂಖ್ಯೆ ಗೊತ್ತಿರಲಿ. ಐದರಲ್ಲಿ ಮೂರು, ಏಳರಲ್ಲಿ ನಾಲ್ಕು. ಐವರ ಮಂಡಳಿಯಲ್ಲಿ ಇಬ್ಬರು ಮಾತನಾಡಿಕೊಂಡರೆ ಬಾಧಕವಿಲ್ಲ. ಮೂರನೆಯವರ ಕಿವಿಗೆ ಬಿದ್ದರೆ ಮುಗಿಯಿತು. ನಮ್ಮದು ಅಂಥ ಮಂಡಳಿಯಾದ್ದರಿಂದ ನಾನು ಇಡೀ ವರ್ಷ ಒಂದು ವಿಷಯಕ್ಕೆ ಒಬ್ಬ ಸಹೋದ್ಯೋಗಿಯೊಡನೆ ಮಾತ್ರ ಬಾಯಿ ಬಿಡುತ್ತೇನೆ. ಬಿಡುವ ಮೊದಲು ‘ಈ ವಿಷಯ ಇನ್ನಾರೊಡನೆಯಾದರೂ ಮಾತನಾಡಿದ್ದೀರಾ?’ ಎಂದು ಕೇಳುತ್ತೇನೆ. ಹೌದು ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ, ಹವಾಮಾನದ ಕಡೆ ಹೊರಳುತ್ತದೆ.

ಇನ್ನೊಂದು ಮಾತು. ಆರಿಸಿ ಬಂದ ಮೇಲೆ ಪ್ರಮಾಣವಚನದವರೆಗೆ ನೀವು ಸ್ವತಂತ್ರರು ಎಂದುಕೊಳ್ಳಬೇಡಿ. ಆರಿಸಿ ಬಂದು ಇನ್ನೂ ಅಧಿಕಾರ ವಹಿಸಿಕೊಳ್ಳದವರಿಗೂ ಈ ಕಾಯ್ದೆ ಅನ್ವಯಿಸುತ್ತದೆ. ಗೆದ್ದ ಸಂಭ್ರಮದಲ್ಲಿ ಅಭಿನಂದನೆಯ ಸರಣಿ ಹರಿದಾಡುತ್ತದಲ್ಲ, ಅದು ‘ಮೊದಲು ಆ ಕಟ್ಟಡದ ಗುತ್ತಿಗೆ ನೋಡೋಣ’ ಎಂಬಲ್ಲಿಗೆ ಬಂದು ನಿಲ್ಲುವುದು ಬಹಳ ಸುಲಭ.

(ನಿಮ್ಮ ಊರಿನ ಕನ್ನಡ ಕೂಟದ ಕಾರ್ಯಕಾರಿ ಸಮಿತಿ ಸಾಮಾನ್ಯವಾಗಿ ಇದರ ವ್ಯಾಪ್ತಿಗೆ ಬರುವುದಿಲ್ಲ. ರಾಜ್ಯೋತ್ಸವದ ಊಟಕ್ಕೆ ಹೋಳಿಗೆಯೋ ಪಾಯಸವೋ ಎಂದು ನೀವು ನಲವತ್ತು ಇಮೇಲ್ ಬರೆದುಕೊಳ್ಳಬಹುದು. ಬರೆದುಕೊಳ್ಳುತ್ತೀರಿ ಕೂಡ.)

ಸರಪಳಿ ಮತ್ತು ಸೈಕಲ್ ಚಕ್ರ

ಮೂವರನ್ನೂ ಒಂದೇ ಇಮೇಲಿನಲ್ಲಿ ಸೇರಿಸದಿದ್ದರೆ ಸಾಕು ಎಂಬುದು ಎರಡನೆಯ ತಪ್ಪು ತಿಳಿವಳಿಕೆ. ಒಬ್ಬರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ದಾಟಿಸಿದರೆ ಅದು ಸರಪಳಿ. ನನ್ನ ದೀಪಾವಳಿಯ ಕಥೆ ಆರಂಭವಾದದ್ದು ಹೀಗೇ. ಫಾರ್ವರ್ಡ್ ಬಟನ್ ‘ರಿಪ್ಲೈ ಆಲ್’ಗಿಂತ ಅಪಾಯಕಾರಿ ಎಂದು ನನಗೆ ಈಗ ಅನಿಸುತ್ತದೆ. ‘ರಿಪ್ಲೈ ಆಲ್’ ಒತ್ತುವಾಗ ಯಾರು ಯಾರಿದ್ದಾರೆಂದು ಕಣ್ಣಿಗಾದರೂ ಕಾಣುತ್ತದೆ. ಫಾರ್ವರ್ಡ್ ಮಾಡಿದ್ದು ಮುಂದೆ ಎಲ್ಲಿ ಹೋಗುತ್ತದೆಂದು ಕಾಣುವುದೇ ಇಲ್ಲ.

ಸೈಕಲ್ ಚಕ್ರ ಇನ್ನೊಂದು ಬಗೆ. ನಡುವೆ ಒಬ್ಬರು, ಸುತ್ತ ಕಡ್ಡಿಗಳಂತೆ ಸದಸ್ಯರು. ನಡುವಿನವರು ಸೂಪರಿಂಟೆಂಡೆಂಟ್ ಇರಬಹುದು, ನಗರದ ಮ್ಯಾನೇಜರ್ ಇರಬಹುದು, ಬಿಲ್ಡರ್ ಇರಬಹುದು, ನಿಮ್ಮ ನೆರೆಮನೆಯ ಶಾರದಮ್ಮನಂಥವರೂ ಇರಬಹುದು. ಅಧಿಕಾರಿಗಳು ಪ್ರತಿಯೊಬ್ಬ ಸದಸ್ಯರಿಗೂ ಬೇರೆ ಬೇರೆಯಾಗಿ ಮಾಹಿತಿ ಕೊಡಬಹುದು, ಪ್ರಶ್ನೆಗೆ ಉತ್ತರಿಸಬಹುದು. ಒಬ್ಬರ ಅಭಿಪ್ರಾಯವನ್ನು ಇನ್ನೊಬ್ಬರಿಗೆ ಹೊತ್ತೊಯ್ಯುವಂತಿಲ್ಲ. ‘ಉಳಿದವರು ಏನನ್ನುತ್ತಿದ್ದಾರೆ?’ ಎಂದು ಸೂಪರಿಂಟೆಂಡೆಂಟರನ್ನು ಕೇಳುವುದು ನಿಮಗೆ ಸಹಜವಾದ ಕುತೂಹಲ. ಅವರಿಗೆ ಅದು ಇಕ್ಕಟ್ಟು. ಕೇಳಬೇಡಿ.

ಹಾಗಾದರೆ ಏನು ಬರೆಯಬಹುದು? ‘ಮಂಗಳವಾರ ಆರು ಗಂಟೆಗೆ ಬರಲು ಆಗುತ್ತದೆಯೇ’ ಎಂಬಂಥ ಸಮಯದ ವಿಚಾರಣೆಗೆ ತೊಂದರೆಯಿಲ್ಲ. ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿ ಎಂದು ಅಧ್ಯಕ್ಷರಿಗೋ ಸೂಪರಿಂಟೆಂಡೆಂಟರಿಗೋ ಕೇಳಬಹುದು, ಆದರೆ ಏಕೆ ಸೇರಿಸಬೇಕೆಂಬ ಮೂರು ಪುಟದ ವಾದವನ್ನು ಎಲ್ಲರಿಗೂ ಪ್ರತಿ ಹಾಕಬೇಡಿ. ಅಧಿಕಾರಿಗಳು ಎಲ್ಲ ಸದಸ್ಯರಿಗೂ ಒಂದೇ ವರದಿ ಕಳುಹಿಸಬಹುದು. ನಮ್ಮ ಸಹಾಯಕಿ ಎಲ್ಲರ ವಿಳಾಸವನ್ನೂ ಬಿಸಿಸಿಯಲ್ಲೇ (ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಸಾಲಿನಲ್ಲಿ) ಹಾಕುತ್ತಾರೆ, ಯಾರು ‘ರಿಪ್ಲೈ ಆಲ್’ ಒತ್ತಿದರೂ ಅದು ಅವರೊಬ್ಬರಿಗೇ ಹೋಗುತ್ತದೆ. ಈ ಒಂದು ಅಭ್ಯಾಸ ಹತ್ತು ತರಬೇತಿ ಶಿಬಿರಗಳಿಗೆ ಸಮ ಎಂಬುದು ನನ್ನ ಎಣಿಕೆ. ಬಹಿರಂಗ ಸಭೆಯ ವಿಷಯದ ಮೇಲೆ ಬಹುಮತದ ಸದಸ್ಯರಿಗೆ ಹಂಚಿದ ಕಾಗದ ಸಾರ್ವಜನಿಕ ದಾಖಲೆ, ಜನರಿಗೂ ಸಿಗಬೇಕು ಎಂಬುದನ್ನು ಮಾತ್ರ ಮರೆಯಬೇಡಿ.

ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರು ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯರಾಗಿದ್ದವರು. ‘ಅಲ್ಲ ಪುಟ್ಟಿ, ನಾವು ಹಿಂದಿನ ರಾತ್ರಿ ಜಗಲಿಯ ಮೇಲೆ ಎಲ್ಲ ಮಾತನಾಡಿ ಮುಗಿಸಿ, ಬೆಳಿಗ್ಗೆ ನಡಾವಳಿ ಪುಸ್ತಕಕ್ಕೆ ಸಹಿ ಹಾಕಿ ಕಾಫಿ ಕುಡಿದು ಏಳುತ್ತಿದ್ದೆವು. ಮೊದಲೇ ಮಾತನಾಡದಿದ್ದರೆ ಸಭೆಯಲ್ಲಿ ಜಗಳವಾಗುವುದಿಲ್ಲವೇ?’ ಎಂದರು. ಆಗುತ್ತದೆ ಎಂದೆ. ನಮ್ಮ ಸಭೆಗಳು ಒಮ್ಮೊಮ್ಮೆ ರಾತ್ರಿ ಹನ್ನೊಂದರವರೆಗೆ ಎಳೆಯುವುದು ಅದಕ್ಕೇ.

ನಿಮ್ಮ ಸ್ವಂತ ಇಮೇಲ್ ನಿಮ್ಮದಲ್ಲ

ಜಿಲ್ಲೆಯ ವಿಳಾಸ ಬಿಟ್ಟು ನನ್ನ ಜಿಮೇಲಿನಿಂದ ಬರೆದರೆ? ಇದಕ್ಕೆ ಉತ್ತರ 2017ರ ಮಾರ್ಚಿನಲ್ಲಿ ಬಂತು. ಸ್ಯಾನ್ ಹೋಸೆ ನಗರದ ಒಂದು ಮರುನಿರ್ಮಾಣ ಯೋಜನೆಯ ಬಗ್ಗೆ ಮೇಯರ್, ನಗರಸಭಾ ಸದಸ್ಯರು ಮತ್ತು ಸಿಬ್ಬಂದಿ ಬರೆದ ಇಮೇಲ್ ಹಾಗೂ ಮೊಬೈಲ್ ಸಂದೇಶಗಳನ್ನು, ಸ್ವಂತ ಖಾತೆಯಲ್ಲಿದ್ದವನ್ನೂ ಸೇರಿಸಿ, ಒಬ್ಬ ನಾಗರಿಕ 2009ರಲ್ಲಿ ಕೇಳಿದ್ದ. ನಗರ ಕೊಡಲಿಲ್ಲ. ಎಂಟು ವರ್ಷ ನಡೆದ ಜಗ್ಗಾಟದ ಕೊನೆಗೆ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಬರಹ ಸಾರ್ವಜನಿಕ ಕೆಲಸದ್ದಾದರೆ, ಅದು ಯಾರ ಖಾತೆಯಲ್ಲಿ ಕುಳಿತಿದೆ ಎಂಬುದು ಮುಖ್ಯವಲ್ಲ. ಹುಡುಕುವ ಕೆಲಸವನ್ನು ಆಯಾ ವ್ಯಕ್ತಿಗೇ ಬಿಡಬಹುದು, ಹುಡುಕಿದ್ದಕ್ಕೆ ಪ್ರಮಾಣಪತ್ರ (ಅಫಿಡವಿಟ್) ಕೊಡಬಹುದು ಎಂದೂ ತೀರ್ಪು ಹೇಳಿತು.

ಅಂದರೆ ದಾಖಲೆ ಕೇಳಿ ಯಾರೋ ಅರ್ಜಿ ಹಾಕಿದ ದಿನ, ಮಗಳ ಶಾಲಾ ಶುಲ್ಕ, ಊರಿನ ಜಮೀನಿನ ಪಹಣಿ, ತಂಗಿಯ ಮದುವೆಯ ಫೋಟೋ ಎಲ್ಲ ಇರುವ ನಿಮ್ಮ ಇನ್‌ಬಾಕ್ಸಿನಲ್ಲಿ ನೀವೇ ಕುಳಿತು ಮಂಡಳಿಯ ಕಾಗದ ಹೆಕ್ಕಬೇಕು. ನಮ್ಮ ಭಾರತದ 2005ರ ಮಾಹಿತಿ ಹಕ್ಕು ಕಾಯ್ದೆಯನ್ನು ಬಲ್ಲವರಿಗೆ ಹೋಲಿಕೆ ಸಿಗಲಿ: ಅಲ್ಲಿ ಸಾಮಾನ್ಯವಾಗಿ ಮೂವತ್ತು ದಿನ. ಇಲ್ಲಿ ಕೊಡುತ್ತೀರೋ ಇಲ್ಲವೋ ಎಂಬ ತೀರ್ಮಾನವನ್ನು ಹತ್ತು ದಿನದಲ್ಲಿ ತಿಳಿಸಬೇಕು, ಅವಧಿ ವಿಸ್ತರಿಸಲು ಕೆಲವು ಕಾರಣಗಳಿಗೆ ಮಾತ್ರ ಅವಕಾಶ. ಯಾರಾದರೂ ಶಾಲೆಯ ವಿಷಯವನ್ನು ನನ್ನ ಸ್ವಂತ ವಿಳಾಸಕ್ಕೆ ಬರೆದರೆ ನಾನು ಅದನ್ನು ಜಿಲ್ಲೆಯ ಖಾತೆಗೆ ದಾಟಿಸಿ, ಅಲ್ಲಿಂದಲೇ ಉತ್ತರಿಸುತ್ತೇನೆ. ವಾಟ್ಸಾಪ್ ಗುಂಪುಗಳಿಗೂ ಇದೇ ಲೆಕ್ಕ. ನಾನೂ ಇನ್ನಿಬ್ಬರು ಸದಸ್ಯರೂ ಇದ್ದ ಒಂದು ಪೋಷಕರ ಗುಂಪಿನಿಂದ ನಾನೇ ಹೊರಬಂದೆ. ಬೇಸರವಾಯಿತು, ಅಲ್ಲಿ ಒಳ್ಳೆಯ ಅಡುಗೆಯ ಟಿಪ್ಪಣಿಗಳು ಬರುತ್ತಿದ್ದವು.

ಫೇಸ್‌ಬುಕ್ಕಿನಂಥ ಎಲ್ಲರಿಗೂ ತೆರೆದ ಜಾಲತಾಣಗಳಲ್ಲಿ ನಿಯಮ ಇನ್ನೂ ಬಿಗಿ. 2021ರ ಜನವರಿಯಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಮಂಡಳಿಯ ಕೆಲಸದ ಬಗ್ಗೆ ಒಬ್ಬ ಸದಸ್ಯರು ಹಾಕಿದ ಬರಹಕ್ಕೆ ಅದೇ ಮಂಡಳಿಯ ಇನ್ನೊಬ್ಬ ಸದಸ್ಯರು ನೇರವಾಗಿ ಪ್ರತಿಕ್ರಿಯಿಸುವಂತಿಲ್ಲ. ಇಲ್ಲಿ ಬಹುಮತದ ಎಣಿಕೆಯೂ ಇಲ್ಲ, ಇಬ್ಬರೇ ಸಾಕು. ಹೆಬ್ಬೆರಳಿನ ಚಿಹ್ನೆ, ನಗುಮುಖ, ಹೃದಯ, ಯಾವುದನ್ನೂ ಒತ್ತಬಾರದು. ಜನರ ಪ್ರಶ್ನೆಗೆ ಉತ್ತರಿಸಬಹುದು, ಮಾಹಿತಿ ಕೊಡಬಹುದು.

ಬೇರೆ ರಾಜ್ಯಗಳಲ್ಲಿರುವವರು ನನ್ನ ಮಾತನ್ನು ಹಾಗೆಯೇ ನೆಚ್ಚಬೇಡಿ. ವರ್ಜೀನಿಯಾದ ಸುಪ್ರೀಂ ಕೋರ್ಟ್ 2004ರಲ್ಲಿ, ಗಂಟೆಗಟ್ಟಲೆ ಅಂತರದಲ್ಲಿ ಹೋಗಿ ಬರುವ ಇಮೇಲ್ ಕಾಗದದ ಪತ್ರದಂತೆ, ಅದು ಸಭೆಯಲ್ಲ ಎಂದಿತು. ಓಹಾಯೋದ ಸುಪ್ರೀಂ ಕೋರ್ಟ್ 2016ರಲ್ಲಿ, ಒಂದು ಶಾಲಾ ಮಂಡಳಿಯ ಪ್ರಕರಣದಲ್ಲೇ, ಇಮೇಲ್ ಸರಣಿಯೂ ಸಭೆಯಾಗಬಹುದು ಎಂದಿತು. ಟೆಕ್ಸಾಸಿನಲ್ಲಿ ಜನರು ನೋಡಬಹುದಾದ ಆನ್‌ಲೈನ್ ಫಲಕದಲ್ಲಿ ಸದಸ್ಯರು ಬರೆದುಕೊಳ್ಳಲು ಷರತ್ತುಗಳೊಡನೆ ಅವಕಾಶವಿದೆ. ನಿಮ್ಮ ರಾಜ್ಯದ್ದನ್ನು ಓದಿಕೊಳ್ಳಿ.

ಒತ್ತಿಬಿಟ್ಟಿರಿ. ಈಗೇನು?

ಅಳಿಸಬೇಡಿ. ಇದನ್ನು ಮೂರು ಸಲ ಹೇಳಬೇಕೆನಿಸುತ್ತದೆ. ತಪ್ಪು ಮಾಡಿದ್ದಕ್ಕಿಂತ ತಪ್ಪನ್ನು ಒರೆಸಿದ್ದು ಕೆಟ್ಟದಾಗಿ ಕಾಣುತ್ತದೆ. ‘ಅಯ್ಯೋ, ಇದು ಬ್ರೌನ್ ಕಾಯ್ದೆಯ ಉಲ್ಲಂಘನೆಯಲ್ಲವೇ’ ಎಂದು ಅದೇ ಸರಣಿಯಲ್ಲಿ ಮತ್ತೊಂದು ಇಮೇಲ್ ಕೂಡ ಬರೆಯಬೇಡಿ. ವಕೀಲರಿಗೆ ಫೋನ್ ಮಾಡಿ.

ನಮ್ಮ ಪ್ರಕರಣದಲ್ಲಿ ವಕೀಲರು ಮೂರೂ ಇಮೇಲ್‌ಗಳನ್ನು ಮುದ್ರಿಸಿ ಸಭೆಯ ಕಡತಕ್ಕೆ ಸೇರಿಸಿದರು. ಕ್ಯಾಲೆಂಡರ್ ವಿಷಯ ಕಾರ್ಯಸೂಚಿಯಲ್ಲಿ ಸ್ಪಷ್ಟವಾಗಿ ಬಂತು. ಸಾಮಾನ್ಯ ಸಭೆಗೆ ಎಪ್ಪತ್ತೆರಡು ಗಂಟೆ ಮೊದಲು ಅದನ್ನು ಹಚ್ಚಬೇಕು, ವಿಶೇಷ ಸಭೆಗೆ ಇಪ್ಪತ್ನಾಲ್ಕು. ವಿಷಯ ಎತ್ತಿಕೊಳ್ಳುವ ಮೊದಲು ನಾನು ಮೈಕಿನಲ್ಲಿ ನಡೆದದ್ದನ್ನು ಹೇಳಿದೆ. ‘ನಾನು ಅಭಿಪ್ರಾಯ ಬರೆದು ಕಳುಹಿಸಿದ್ದೆ, ಅದು ತಪ್ಪು, ಈಗ ಮೊದಲಿನಿಂದ ಕೇಳಿಸಿಕೊಳ್ಳುತ್ತೇನೆ.’ ಮೂರೇ ತುಂಡು ಮಾತು. ಮುಖವೆಲ್ಲ ಬೆಚ್ಚಗಾಗಿತ್ತು.

ಹೀಗೆ ತಾವಾಗಿಯೇ ಸರಿಪಡಿಸದಿದ್ದರೆ ಯಾವ ನಾಗರಿಕರಾದರೂ ಹಿಡಿದು ಕೇಳಬಹುದು. ನಿರ್ಣಯವಾಗಿಬಿಟ್ಟಿದ್ದರೆ, ಸಾಮಾನ್ಯವಾಗಿ ತೊಂಬತ್ತು ದಿನದೊಳಗೆ ‘ಇದನ್ನು ಸರಿಪಡಿಸಿ’ ಎಂದು ಲಿಖಿತವಾಗಿ ಕೇಳಬೇಕು, ಮಂಡಳಿಗೆ ಮೂವತ್ತು ದಿನದ ಕಾಲಾವಕಾಶ, ಆಮೇಲೆ ಹದಿನೈದು ದಿನದೊಳಗೆ ಕೋರ್ಟು. ನಿರ್ಣಯವೇ ರದ್ದಾಗಬಹುದು, ಎದುರಿನವರ ವಕೀಲರ ಶುಲ್ಕವೂ ನಿಮ್ಮ ಜಿಲ್ಲೆಯ ತಲೆಯ ಮೇಲೆ ಬೀಳಬಹುದು. ನಿರ್ಣಯವಿಲ್ಲದ ಹಳೆಯ ಉಲ್ಲಂಘನೆಗೆ ಒಂಬತ್ತು ತಿಂಗಳೊಳಗೆ ‘ಇನ್ನು ಮುಂದೆ ಹೀಗೆ ಮಾಡಬೇಡಿ’ ಎಂಬ ಪತ್ರ ಕಳುಹಿಸುವ ದಾರಿ ಬೇರೆ ಇದೆ. ಜನರಿಗೆ ತಿಳಿಯಬೇಕಾದ್ದನ್ನು ತಪ್ಪಿಸುವ ಉದ್ದೇಶದಿಂದಲೇ ಅಕ್ರಮ ಸಭೆಯಲ್ಲಿ ಕುಳಿತು ನಿರ್ಣಯ ಮಾಡಿದ ಸದಸ್ಯರಿಗೆ ಕ್ರಿಮಿನಲ್ ಮೊಕದ್ದಮೆಯ ಭಯವೂ ಉಂಟು.

ಆ ರಾತ್ರಿಯ ಸಭೆಯಲ್ಲಿ ಒಬ್ಬ ಶಾಲಾ ಬಸ್ ಚಾಲಕರು ಎದ್ದು ನಿಂತರು. ‘ನೀವು ರಜೆ ಕೊಟ್ಟರೆ ಆ ದಿನ ನನಗೆ ಗಂಟೆಯ ಸಂಬಳ ಇಲ್ಲ’ ಎಂದರು. ಅಡುಗೆ ಮನೆಯಲ್ಲಿ ನಿಂತು ‘ಪೂರ್ತಿ ಒಪ್ಪಿಗೆ’ ಬರೆದಾಗ ಇದು ನನ್ನ ತಲೆಗೇ ಹೊಳೆದಿರಲಿಲ್ಲ. ಒಂದೂವರೆ ಗಂಟೆ ಮಾತಾದ ಮೇಲೆ, ಆ ಸೋಮವಾರವನ್ನು ಸಿಬ್ಬಂದಿಯ ತರಬೇತಿ ದಿನವಾಗಿಸುವ ಸಲಹೆ ಬಂತು. ಮಕ್ಕಳಿಗೆ ರಜೆ, ಚಾಲಕರಿಗೂ ಸುರಕ್ಷತಾ ತರಬೇತಿ, ಸಂಬಳ. ನಾನು ಇಮೇಲಿನಲ್ಲಿ ಒಪ್ಪಿದ್ದಕ್ಕೆ ಮತ ಹಾಕಲಿಲ್ಲ, ಇದಕ್ಕೆ ಹಾಕಿದೆ.

ಮಂಡಳಿಗೆ ಬರೆಯುವ ನಮ್ಮವರಿಗೆ

ನೀವು ಐವರಿಗೂ ಒಟ್ಟಿಗೆ ಇಮೇಲ್ ಬರೆಯಬಹುದು, ಅದರಲ್ಲಿ ತಪ್ಪಿಲ್ಲ. ನಿಯಮ ಕಟ್ಟಿಹಾಕಿರುವುದು ನಮ್ಮನ್ನು, ನಿಮ್ಮನ್ನಲ್ಲ. ಉತ್ತರ ಒಂದೇ ಸಾಲಿನಲ್ಲಿ ಬಂದರೆ, ಅಥವಾ ಅಧ್ಯಕ್ಷರೊಬ್ಬರಿಂದಲೇ ಬಂದರೆ, ಸೊಕ್ಕು ಎಂದುಕೊಳ್ಳಬೇಡಿ. ‘ಇಂತಹ ಸದಸ್ಯರು ಆಗಲೇ ಒಪ್ಪಿದ್ದಾರೆ, ನೀವೂ ಒಪ್ಪಿ’ ಎಂದು ಮನೆಮನೆಗೆ ಸುದ್ದಿ ಹೊರಬೇಡಿ. ಆಗ ನೀವೇ ಆ ಸೈಕಲ್ ಚಕ್ರದ ನಡುಭಾಗವಾಗುತ್ತೀರಿ, ಉಪಕಾರ ಮಾಡಲು ಹೋಗಿ ನಮ್ಮನ್ನು ಸಿಕ್ಕಿಸುತ್ತೀರಿ. ನಿಮ್ಮ ಮಾತು ಸಭೆಯ ಕಡತದಲ್ಲಿ ಸೇರಬೇಕೆಂದರೆ ಹಾಗೆಂದು ಇಮೇಲಿನ ವಿಷಯದ ಸಾಲಿನಲ್ಲೇ ಬರೆಯಿರಿ, ಕಾರ್ಯಸೂಚಿಯ ಕ್ರಮಸಂಖ್ಯೆ ಹಾಕಿ, ಸಹಾಯಕಿಗೆ ಪ್ರತಿ ಇಡಿ.

ಎಲ್ಲಕ್ಕಿಂತ ಮೇಲು, ಸಭೆಗೇ ಬನ್ನಿ. ಇಂಗ್ಲಿಷ್ ಬರುವುದಿಲ್ಲ ಎಂದು ಮನೆಯಲ್ಲಿರಬೇಡಿ. ಭಾಷಾಂತರದ ನೆರವಿನಿಂದ ಮಾತನಾಡುವವರಿಗೆ ಕನಿಷ್ಠ ಎರಡರಷ್ಟು ಸಮಯ ಕೊಡಬೇಕೆಂದು ಇದೇ ಕಾಯ್ದೆ ಹೇಳುತ್ತದೆ. ಆ ರಾತ್ರಿ ಹಾಸನದ ಕಡೆಯ ಒಬ್ಬ ಅಜ್ಜಿ, ಮೊಮ್ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಎಣ್ಣೆನೀರಿನ ಸ್ನಾನ ಎಂದರೇನು, ಅದನ್ನು ಶಾಲೆಗೆ ಹೋಗುವ ಆತುರದಲ್ಲಿ ಏಕೆ ಮಾಡಲಾಗದು ಎಂದು ಕನ್ನಡದಲ್ಲಿ ವಿವರಿಸಿದರು. ಉಳಿದವರಿಗೆ ಮೂರು ನಿಮಿಷ, ಅವರಿಗೆ ಆರು. ಅವರು ಎಂಟು ತೆಗೆದುಕೊಂಡರು. ಅಧ್ಯಕ್ಷರು ಒಮ್ಮೆ ಗಂಟೆಯ ಕಡೆ ಕೈ ಚಾಚಿ, ಮತ್ತೆ ಹಿಂದಕ್ಕೆ ಎಳೆದುಕೊಂಡರು.